ಬಾಗಿಲಿಗೆ ಒಯ್ದು ನೋಡದ ಪರದೆ

ತಂಗಿಯ ಲ್ಯಾಪ್‌ಟಾಪ್ ಆರಿಸಲು ಹೋದಾಗ ನಾನು ತಂಗಿಯನ್ನು ಕರೆದುಕೊಂಡು ಹೋಗಲಿಲ್ಲ. ಮೊದಲು ಇದಿಷ್ಟನ್ನು ಹೇಳಿಬಿಡುತ್ತೇನೆ. ಕೂಡಿಟ್ಟ ದುಡ್ಡು ಅವಳದು, ಅದರ ಮೇಲೆ ಮಾಡಬೇಕಾದ ಕೆಲಸ ಅವಳದು, ನೋಡಬೇಕಾದ ಕಣ್ಣೂ ಅವಳದೇ. ಹೋದವಳು ಮಾತ್ರ ನಾನೊಬ್ಬಳೇ. ಒಂದು ಸುಳ್ಳು ಹೇಳಿ ಹೋದೆ, ಇನ್ನೊಂದು ಸುಳ್ಳು ತಂದೆ.

ನಾವಿಬ್ಬರೂ ಇರುವುದು ಪುಣೆಯ ಕಾತ್ರಜದಲ್ಲಿ. ವಿಜಯಪುರದ ಕಡೆಯವರು. ಅಪ್ಪ ಇಲ್ಲಿನ ಮಾರ್ಕೆಟ್ಟಿನಲ್ಲಿ ನಮ್ಮ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಹತ್ತಿರ ಕಾರಕೂನನಾಗಿದ್ದ. ಅವ್ವ ಹೋದಾಗ ತಂಗಿ ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ನಾನು ಏಳನೆಯದಕ್ಕೆ ಶಾಲೆ ಬಿಟ್ಟೆ. ಅವಳ ಕೈ ಹಿಡಿದು ಶಾಲೆಗೆ ಬಿಡುವವರು, ಕರೆತರುವವರು ಯಾರಾದರೂ ಬೇಕಿತ್ತು. ಈಗ ಅಪ್ಪನೂ ಇಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನಾನು ಸೀರೆಗೆ ಫಾಲ್ ಹಚ್ಚಿ, ತುದಿಯ ಎಳೆ ಬಿಚ್ಚದಂತೆ ಪಿಕೊ ಮಾಡುತ್ತೇನೆ. ಹಿಂದಿನ ಕೋಣೆಯಲ್ಲಿ ತಂಗಿಯ ಕೆಲಸ.

ಫಾಲ್ ಎಂದರೆ ಸೀರೆಯ ಕೆಳಅಂಚಿಗೆ ಒಳಗಿನಿಂದ ಹೊಲಿಯುವ ಹತ್ತಿಯ ಪಟ್ಟಿ. ಹೊಲಿಯುವುದು ಯಾರಿಗಾದರೂ ಬರುತ್ತದೆ, ಕಷ್ಟವಿರುವುದು ಬಣ್ಣ ಕೂಡಿಸುವುದರಲ್ಲಿ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎಂದು ಕಂಡ ಎರಡು ಬಣ್ಣಗಳು ಬಿಸಿಲಿಗೆ ಹೋದೊಡನೆ ಪರಕೀಯರಂತೆ ನಿಲ್ಲುತ್ತವೆ. ಅದಕ್ಕೇ ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ: ಸೀರೆಯ ತುದಿಯನ್ನೂ ಫಾಲನ್ನೂ ಹಿಡಿದುಕೊಂಡು ಹೊಸ್ತಿಲಿಗೆ ಹೋಗಬೇಕು, ಹಗಲ ಬೆಳಕಿನಲ್ಲಿ ಎರಡನ್ನೂ ಒಂದರ ಮೇಲೊಂದಿಟ್ಟು ನೋಡಬೇಕು. ಗಿರಾಕಿಗಳಿಗೆ ದಿನವೂ ಹೇಳುತ್ತೇನೆ, "ಬಾಗಿಲಿಗೆ ಒಯ್ದು ನೋಡ್ರಿ." ಎಲ್ಲಕ್ಕಿಂತ ಕಷ್ಟದ್ದು ಕಪ್ಪು. ಜನ ಕಪ್ಪು ಒಂದೇ ಎಂದುಕೊಂಡಿರುತ್ತಾರೆ. ನೀಲಿಯ ಕಡೆ ವಾಲಿದ ಕಪ್ಪು ಬೇರೆ, ಕಂದಿನ ಕಡೆ ವಾಲಿದ್ದು ಬೇರೆ, ಎರಡು ಸಲ ಒಗೆದ ಕಪ್ಪು ಇನ್ನೂ ಬೇರೆ. ಕಪ್ಪು ಗುರುತಿಸುವುದರಲ್ಲಿ ನನಗೆ ಒಳಗೊಳಗೇ ಜಂಬವಿತ್ತು.

ತಂಗಿಯ ಕಣ್ಣು ಹುಟ್ಟಿನಿಂದಲೇ ಮಂದ. ಕಾಲ ಹೋದಂತೆ ಇನ್ನೂ ಕಡಿಮೆಯಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಏನನ್ನಾದರೂ ನೋಡಬೇಕೆಂದರೆ ಅದನ್ನು ಮೂಗಿನ ತುದಿಗೆ ತಂದುಕೊಳ್ಳಬೇಕು. ತರಲಾಗದಿದ್ದರೆ ಅವಳೇ ಬಗ್ಗಿ ಹೋಗಬೇಕು. ಮೂಗು ತಾಗುವಷ್ಟು ಹತ್ತಿರ ಹೋಗಿ, ತಲೆಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಸರಿಸುತ್ತ ಒಂದೊಂದೇ ಅಕ್ಷರ ಓದುತ್ತಾಳೆ. ಹೊಳೆಯುವ ವಸ್ತುವಾದರೆ ಅದೂ ಆಗದು. ಹೊಳಪು ಎಂದರೆ ಅವಳಿಗೆ ಮುಖದ ಮುಂದೆ ಸುಣ್ಣದ ಗೋಡೆ ಎದ್ದ ಹಾಗೆ.

ಹೀಗಿದ್ದೂ ಅವಳು ಕಾಲೇಜು ಮುಗಿಸಿದಳು. ವಿಡಿಯೊಗಳಲ್ಲಿ ಆಡಿದ ಮಾತನ್ನು ಕೇಳಿಸಿಕೊಂಡು ಅದರ ಕೆಳಗೆ ಅಕ್ಷರದಲ್ಲಿ ಹಾಕುವ ಕೆಲಸ ಹಿಡಿದಳು. ಮರಾಠಿ, ಹಿಂದಿ, ಕನ್ನಡ ಮೂರೂ ಅವಳ ನಾಲಿಗೆಯ ಮೇಲೆ, ಬೆರಳಿನ ತುದಿಯಲ್ಲಿ. ಯಾರೋ ಬಳಸಿ ಬಿಟ್ಟ ಒಂದು ಹಳೆಯ ಕಂಪ್ಯೂಟರಿನಲ್ಲಿ ಬಹಳ ವರ್ಷ ದುಡಿದಳು. ಕಂಪ್ಯೂಟರ್ ಓದಿ ಹೇಳುವ ದನಿ ಒಂದಿರುತ್ತದೆ, ಪರದೆಯ ಮೇಲಿನದನ್ನೆಲ್ಲ ಅದು ಮಾತಾಡಿ ತೋರಿಸುತ್ತದೆ. ಅದನ್ನು ಹಾಕಿಕೋ, ಕಣ್ಣಿಗೆ ಯಾಕೆ ಕಷ್ಟ ಎಂದು ನಾನೇ ಒಮ್ಮೆ ಹೇಳಿದ್ದೆ.

"ದನಿ ಎಲ್ಲಿ ಹೋಗತದ? ಇದ್ದ ಅದ," ಅಂದಳು. "ಕಣ್ಣು ಹೋದ ಮ್ಯಾಲೂ ಕಿವಿ ಇರತಾವ. ಇರೋತನಕ ಕಣ್ಣಿಂದ ಓದತೀನಕ್ಕ. ಅಕ್ಷರದ ಮಾರಿ ನೋಡಬೇಕು ನನಗ."

ಆ ಹಳೆಯದು ಕೈಕೊಟ್ಟಾಗ ಅವಳು ಒಂದು ಚೊಲೊ ಲ್ಯಾಪ್‌ಟಾಪನ್ನೇ ಕೊಳ್ಳಬೇಕೆಂದು ನಿಶ್ಚಯಿಸಿದಳು. ಎಷ್ಟೋ ದಿನ ಫೋನನ್ನು ಮೂಗಿಗೆ ಹಿಡಿದು ವಿಚಾರಿಸಿದಳು. ಪರದೆ ದೊಡ್ಡದಿರಬೇಕು, ಹೊಳೆಯಬಾರದು, ಪಾಟಿಯ ಹಾಗೆ ಮೊಬ್ಬಾಗಿರಬೇಕು. ಒಳಗಿನ ಸಾಫ್ಟ್‌ವೇರು ಹೊರಗಿನ ಪ್ರೋಗ್ರಾಮುಗಳನ್ನು ಹಾಕಿಕೊಳ್ಳಲು ಬಿಡುವಂಥದ್ದಿರಬೇಕು, ಯಾಕೆಂದರೆ ಅಕ್ಷರವನ್ನು ಹಿಗ್ಗಿಸುವ ಅವಳ ಪ್ರೋಗ್ರಾಮು ಹೊರಗಿನದು. ಇಷ್ಟೇ ಅವಳ ಬೇಡಿಕೆ. ನಾನೂ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆ.

"ನಾಳೆ ಇಬ್ಬರೂ ಹೋಗೂಣು," ಅಂದಳು. "ಪರದಿ ನಾನ ನೋಡಬೇಕು."

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ನನ್ನ ಕಣ್ಣ ಮುಂದೆ ಬಂದದ್ದು ಆ ಬಂಗಾರದ ಅಂಗಡಿ.

ಅದು ಅದಕ್ಕೂ ಹಿಂದಿನ ವರ್ಷದ ಮಾತು. ಅವಳಿಗೆ ಕಿವಿಯೋಲೆ ಕೊಳ್ಳಲು ಇಬ್ಬರೂ ಹೋಗಿದ್ದೆವು. ಅವಳು ತನ್ನ ರೂಢಿಯಂತೆ ಗಾಜಿನ ಪೆಟ್ಟಿಗೆಗೆ ಹಣೆ ಹಚ್ಚಿ, ಮೂಗು ಒತ್ತಿ ನೋಡತೊಡಗಿದಳು. ಉಸಿರಿಗೆ ಗಾಜು ಮಂಜಾಯಿತು. ಬಾಗಿಲ ಕಾವಲಿನವನು ಅಲ್ಲಿಂದಲೇ ಕೂಗಿದ, "ಓ ಮ್ಯಾಡಮ್, ಕಾಚ ಆಹೆ ತೀ, ಚಾಟೂ ನಕಾ!" ಗಾಜು ಅದು, ನೆಕ್ಕಬೇಡಿ ಎಂದ. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನು ಏನು ಮಾಡಿದೆ? ಮೆಲ್ಲಗೆ ಪಕ್ಕದ ಕೌಂಟರಿಗೆ ಸರಿದು, ಮೂಗುತಿ ನೋಡುವವಳಂತೆ ನಿಂತೆ. ಅವಳ ಜೊತೆ ಬಂದವಳು ನಾನಲ್ಲ ಎನ್ನುವಂತೆ. ತಂಗಿ ತಲೆಯೆತ್ತಿ, ಪಕ್ಕದ ಗಾಳಿಯಲ್ಲಿ ಕೈಯಾಡಿಸಿದಳು.

"ಅಕ್ಕಾ? ಎಲ್ಲಿದಿ?"

ನಾನು ತಕ್ಷಣ ಓಗೊಡಲಿಲ್ಲ. ಮೂಗುತಿ ತೋರಿಸುತ್ತಿದ್ದ ಹುಡುಗಿ ನನ್ನನ್ನೂ ಅವಳನ್ನೂ ನೋಡುತ್ತಿದ್ದಳು. ಕಾವಲಿನವನು ಬಂದು ಗಾಜಿನ ಮೇಲಿನ ಮಂಜನ್ನು ಬಟ್ಟೆಯಿಂದ ಒರೆಸಿ ಹೋದ. ಆಮೇಲೆ ನಾನು "ಇಲ್ಲೇ ಅದೀನಿ" ಅಂದೆ.

ಅದಕ್ಕೇ ಸೂಜಿಯಿಂದ ಕಣ್ಣೆತ್ತದೆ ಹೇಳಿದೆ, "ಗಿರಾಕಿ ಒಬ್ಬಾಕಿ ಸ್ಕೂಟಿ ಮ್ಯಾಲ ಕರಕೊಂಡು ಹೋಗತೀನಿ ಅಂದಾಳ. ಶಿವಾಜಿನಗರದಾಗ ಆಕಿಗೂ ಕೆಲಸ ಅದಂತ. ಹಿಂದ ಒಬ್ಬರಿಗೇ ಜಾಗ."

ತಂಗಿ ತನ್ನ ಫೋನು ಕೆಳಗಿಟ್ಟಳು. ಆಮೇಲೆ "ಹಂಗಾರ ನೀನ ಹೋಗಿ ಬಾ" ಅಂದಳು. "ಫಾಲ್ ನೋಡಿದಂಗ ಬಾಗಿಲಿಗೆ ಒಯ್ದು ನೋಡು. ಕೊಡು ನಿನ್ನ ಫೋನು."

ನಾನು ಅಂಗಡಿಯವರ ಮುಂದೆ ಎಲ್ಲವನ್ನೂ ಹೇಳಲು ತಡಬಡಿಸುತ್ತೇನೆಂದು ಅವಳಿಗೆ ಗೊತ್ತು. ನನ್ನ ಫೋನಿನಲ್ಲಿ ತನ್ನ ದನಿಯನ್ನೇ ತುಂಬಿಕೊಟ್ಟಳು, ಅಂಗಡಿಯವನಿಗೆ ಕೇಳಿಸಲೆಂದು. ನಾನು ಎದುರಿಗೇ ನಿಂತಿದ್ದೆ. ಸ್ವಚ್ಛ ಮರಾಠಿಯಲ್ಲಿ ಹೇಳಿದಳು: ದಾದಾ, ನಮಸ್ಕಾರ. ನನಗೆ ಕಣ್ಣು ಕಡಿಮೆ. ಹೊಳೆಯದ ಪರದೆ ಬೇಕು, ಹೊರಗಿನ ಪ್ರೋಗ್ರಾಮು ಹಾಕಲು ಬರಬೇಕು. ನನ್ನ ಅಕ್ಕ ಬಂದಿದ್ದಾಳೆ. ಬಣ್ಣ, ಬೆಳಕು ಅವಳಿಗೆ ತಿಳಿದಷ್ಟು ಯಾರಿಗೂ ತಿಳಿಯುವುದಿಲ್ಲ. ಬಾಗಿಲಿಗೆ ಒಯ್ದು ನೋಡುತ್ತೇನೆ ಅಂದರೆ ಒಯ್ಯಲು ಬಿಡಿ. ಅವಳನ್ನು ನೋಡಿ ನಗಬೇಡಿ.

ಕೊನೆಯ ಮಾತನ್ನು ಅವಳು ಮೆಲ್ಲಗೆ ಹೇಳಿದಳು. ಹೇಳಿ ಫೋನನ್ನು ನನ್ನ ಅಂಗೈಯಲ್ಲಿಟ್ಟಳು.

ಮರುದಿನ ಕಾತ್ರಜದಿಂದ ಬಸ್ಸು ಹಿಡಿದೆ. ಸ್ವಾರಗೇಟ ಬರುವ ಮೊದಲೇ ಫೋನು ಬಡಿದುಕೊಂಡಿತು.

"ಅಕ್ಕಾ, ಕೀ ಮ್ಯಾಲಿನ ಅಕ್ಷರ ದಪ್ಪ ಅದಾವೇನು ಅದೂ ನೋಡು."

ಅಷ್ಟರಲ್ಲಿ ನನ್ನ ತಲೆಯ ಮೇಲೆಯೇ ಕಂಡಕ್ಟರ್ ಮುಂದೆ ಸರಿಯಿರಿ ಎಂದು ಒದರಿದ, "ಪುಢೆ ಸರಕಾ, ಪುಢೆ ಸರಕಾ!" ಫೋನನ್ನು ಎದೆಗೆ ಒತ್ತಿ ಹಿಡಿದೆ. ಆಮೇಲೆ "ಟ್ರಾಫಿಕ್ ಭಾಳ ಅದ, ಇಡತೀನಿ" ಅಂದೆ. ಆ ಕಡೆಯಿಂದ "ಹೂಂ" ಎಂಬ ಸಣ್ಣ ದನಿ ಬಂತು.

ಅಂಗಡಿ ತಂಪಾಗಿತ್ತು. ಉದ್ದನೆಯ ಮೇಜುಗಳ ಮೇಲೆ ಲ್ಯಾಪ್‌ಟಾಪುಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಪ್ರತಿಯೊಂದಕ್ಕೂ ಸಣ್ಣ ತಂತಿ ಕಟ್ಟಿದ್ದರು. ಸುತ್ತ ನಿಂತವರೆಲ್ಲ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಒಬ್ಬ ಮಾರಾಟಗಾರ ನಗುಮುಖದಿಂದ ಬಂದು ಮೊದಲು ಕೇಳಿದ್ದೇ ಅದು: "ಕೋಣಾಸಾಠಿ ಪಾಹಿಜೆ, ತಾಈ?" ಯಾರಿಗೆ ಬೇಕು, ಅಕ್ಕ?

ಫೋನು ನನ್ನ ಕೈಯಲ್ಲಿತ್ತು. ಹೆಬ್ಬೆರಳು ಅವಳ ದನಿಯ ಮೇಲೆಯೇ ಇತ್ತು. ಒತ್ತಿದರೆ ಸಾಕಿತ್ತು. ನನಗೆ ಕಣ್ಣು ಕಡಿಮೆ, ಅವಳನ್ನು ನೋಡಿ ನಗಬೇಡಿ ಎಂಬುದು ಆ ತಂಪಿನಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು.

"ಮಾಝ್ಯಾಸಾಠೀಚ," ಅಂದೆ. ನನಗೇ.

"ಕಾಯ ಕಾಮ ಕರಣಾರ?" ಏನು ಕೆಲಸ ಮಾಡುತ್ತೀರಿ ಎಂದ.

"ವ್ಹಿಡಿಯೊ ಬಘಾಯಲಾ," ಅಂದೆ. ವಿಡಿಯೊ ನೋಡಲು.

ಅವನ ತಪ್ಪು ಏನೂ ಇಲ್ಲ. ವಿಡಿಯೊ ನೋಡುವವಳಿಗೆ ಯಾವುದು ಒಳ್ಳೆಯದೋ ಅದನ್ನೇ ತೋರಿಸಿದ. ಎರಡು ಬಗೆಯ ಪರದೆಯವು ಪಕ್ಕಪಕ್ಕದಲ್ಲೇ ಇದ್ದವು. ಒಂದು ಮೊಬ್ಬು, ತಂಗಿ ಹೇಳಿದಂಥದ್ದೇ. ಎರಡು ಸಲ ಒಗೆದ ಸೀರೆಯ ಹಾಗೆ ಕಂಡಿತು ನನಗೆ. ಇನ್ನೊಂದು ಹೊಳೆಯುವ ಒಎಲ್‌ಇಡಿ ಪರದೆ. ಅದರಲ್ಲಿ ಕಪ್ಪು ನೀರಿನ ಮೇಲೆ ಕೆಂಪು ಹೂವೊಂದು ಅರಳುತ್ತಿತ್ತು. "ಬ್ಲ್ಯಾಕ್ ಬಘಾ, ತಾಈ," ಅಂದ. ಕಪ್ಪನ್ನು ನೋಡಿ ಎಂದು ಅವನು ನನಗೇ ಹೇಳಬೇಕೇ? ನೋಡಿದೆ. ಅಂಥ ಕಪ್ಪನ್ನು ನಾನು ಎಂದೂ ಕಂಡಿರಲಿಲ್ಲ. ನೀಲಿಗೂ ವಾಲದ, ಕಂದಿಗೂ ವಾಲದ, ತಳವೇ ಇಲ್ಲದ ಕಪ್ಪು. ನನ್ನ ಜಂಬ ಅಲ್ಲಿ ನನ್ನನ್ನು ಹಿಡಿದುಹಾಕಿತು. ತಂಗಿಯ ಕಣ್ಣನ್ನು ಮರೆತು ನನ್ನ ಕಣ್ಣಿಂದ ಆರಿಸಿದೆ.

ಬಾಗಿಲು ದೂರವಿರಲಿಲ್ಲ. ತಂತಿ ಬಿಚ್ಚಿ ಕೊಡಿ, ಬೆಳಕಿಗೆ ಒಯ್ದು ನೋಡುತ್ತೇನೆ ಎಂದು ಕೇಳಬಹುದಿತ್ತು. ನನ್ನ ಹೊಸ್ತಿಲಲ್ಲಿ ದಿನವೂ ಆಡುವ ಮಾತು. ಅದು ನಾಲಿಗೆಗೆ ಬರಲಿಲ್ಲ. ಸಾಫ್ಟ್‌ವೇರಿನ ಬಗ್ಗೆ ಅವನು ಏನೇನೋ ಕೇಳಿದ, ಇದು ಸಾಕಾ, ಅದೂ ಹಾಕಿಸಲಾ ಎಂದ. "ಸಗಳೆ ಘೇತಾತ ತೇಚ ದ್ಯಾ" ಅಂದೆ, ಎಲ್ಲರೂ ತೆಗೆದುಕೊಳ್ಳುವುದನ್ನೇ ಕೊಡಿ. ಹೊರಡುವಾಗ ಅವನೇ ಹೇಳಿದ, ಮನಸ್ಸಿಗೆ ಬರದಿದ್ದರೆ ಒಂದು ವಾರದೊಳಗೆ ತನ್ನಿ, ಬದಲಿಸಿ ಕೊಡುತ್ತೇವೆ.

ಮನೆಯಲ್ಲಿ ತಂಗಿ ಡಬ್ಬಿಯನ್ನು ಬೆರಳುಗಳಿಂದ ಬಿಚ್ಚಿದಳು. ಪರದೆಯನ್ನು ಕೈಯ ಹಿಂಬದಿಯಿಂದ ಸವರಿದಳು. "ನುಣ್ಣಗದ," ಅಂದಳು. ಹಚ್ಚಿದ ಮೇಲೆ ಮೂಗು ತಾಗುವಷ್ಟು ಬಗ್ಗಿ, ಒಮ್ಮೆಲೇ ಹಿಂದಕ್ಕೆ ಸರಿದಳು.

"ಅಕ್ಕಾ, ಇದರಾಗ ನಾನ ಕಾಣಾಕತ್ತೀನಿ. ನನ್ನ ಹಿಂದ ಕಿಟಕಿ. ಅಕ್ಷರ ಕಾಣವಲ್ಲವು."

ನಾನು ಹೊಲಿಗೆ ಯಂತ್ರದ ಮುಂದೆ ಕೂತುಬಿಟ್ಟಿದ್ದೆ.

"ಬಾಗಿಲಿಗೆ ಒಯ್ದು ನೋಡಿದೇನು?"

"ಹೂಂ," ಅಂದೆ.

"ಬದಲಿ ಕೊಡತಾರೇನು?"

"ಒಮ್ಮೆ ಡಬ್ಬಿ ಒಡದ ಮ್ಯಾಲ ಇಲ್ಲ ಅಂತ."

ಬದಲಿಸಲು ಹೋದರೆ ಯಾಕೆ ಎಂದು ಕೇಳುತ್ತಾರೆ. ಇದು ನನಗಲ್ಲ, ತಂಗಿಗೆ ಎನ್ನಬೇಕಾಗುತ್ತದೆ. ಹಾಗಾದರೆ ಅವರನ್ನೇ ಕರೆತನ್ನಿ ಅನ್ನುತ್ತಾರೆ. ಆ ವಾರವಿಡೀ ದಿನವೂ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಏಳುತ್ತಿದ್ದೆ. ವಾರ ಮುಗಿದಾಗ, ಹೇಳಲು ನಾಚಿಕೆಯಾಗುತ್ತದೆ, ಮನಸ್ಸು ಹಗುರಾಯಿತು.

ಒಳಗಿನ ಸಾಫ್ಟ್‌ವೇರು ಹೊರಗಿನ ಪ್ರೋಗ್ರಾಮುಗಳಿಗೆ ಬೀಗ ಹಾಕಿಕೊಂಡಿತ್ತು. ಅದನ್ನು ತಂಗಿ ಒಂದು ಮಧ್ಯಾಹ್ನ ಕೂತು ತಾನೇ ಬಿಚ್ಚಿದಳು. ಕನ್ನಡ, ಮರಾಠಿಯ ದನಿಗಳನ್ನು ಸೇರಿಸಿದಳು, ಅಕ್ಷರ ಹಿಗ್ಗಿಸುವ ಪ್ರೋಗ್ರಾಮನ್ನು ಹಾಕಿಕೊಂಡಳು. ಒಳಗಿನದು ಎಷ್ಟು ಕೆಟ್ಟಿದ್ದರೂ ತಿದ್ದಬಹುದು ಎಂದು ನನಗೆ ಆಗ ತಿಳಿಯಿತು. ಪರದೆಯನ್ನು ತಿದ್ದಲು ಬರುವುದಿಲ್ಲ. ಮೇಲೊಂದು ಹಾಳೆ ಅಂಟಿಸಿ ನೋಡಿದಳು, ಅಕ್ಷರವೆಲ್ಲ ಕಾಳುಕಾಳಾಗಿ ಕಂಡಿತು, ಕಿತ್ತು ತೆಗೆದಳು.

ಕೊನೆಗೆ ಅವಳೇ ಒಂದು ಉಪಾಯ ಕಂಡುಕೊಂಡಳು. ಚಾದರ ಹೊದ್ದುಕೊಂಡು, ಲ್ಯಾಪ್‌ಟಾಪನ್ನೂ ಅದರೊಳಗೇ ಎಳೆದುಕೊಂಡು ಓದುವುದು. ಹೊರಗಿನ ಬೆಳಕು ಒಳಗೆ ಬಾರದಿದ್ದರೆ ಹೊಳಪಿಲ್ಲ. ಹಾಡಹಗಲು, ಮೇ ತಿಂಗಳ ಉರಿಯಲ್ಲಿ, ಹಿಂದಿನ ಕೋಣೆಯಲ್ಲಿ ಒಂದು ಚಾದರ ಕೂತಿರುತ್ತಿತ್ತು. ಅದರ ನೇಯ್ಗೆಯ ಎಳೆಗಳ ನಡುವಿನಿಂದ ನೀಲಿ ಬೆಳಕು ಸೋಸುತ್ತಿತ್ತು. ಒಳಗಿನಿಂದ ಗುಣುಗುಣು ಮಾತು, ಅಕ್ಷರ ಕೂಡಿಸಿ ಓದುವ ದನಿ. ಫಾಲ್ ಒಯ್ಯಲು ಬಂದ ಗಿರಾಕಿಯೊಬ್ಬಳು ಒಳಗೆ ಇಣುಕಿ ಹೆದರಿದಳು.

"ಏನವ್ವ ಅದು, ದೆವ್ವ ಕುಂತಂಗ ಕುಂತದಲ್ಲ?"

ಚಾದರದ ಒಳಗಿನಿಂದಲೇ ತಂಗಿ ಅಂದಳು, "ದೆವ್ವ ಅಲ್ರಿ, ದುಡಿಯೋ ದೆವ್ವ. ಹೊಟ್ಟಿ ತುಂಬಬೇಕಲ್ರಿ."

ಗಿರಾಕಿ ನಕ್ಕಳು. ನಾನೂ ನಕ್ಕೆ. ಆ ಚಾದರ ಮಾತ್ರ ನನ್ನ ಕಣ್ಣಿಂದ ಹೋಗಲಿಲ್ಲ. ಮಾರ್ಕೆಟ್ಟಿನಲ್ಲಿ ತಾಡಪತ್ರಿ ಹೊದಿಸಿದ ಗಾಡಿ ಕಂಡರೂ ಮುಖ ತಿರುಗಿಸಿ ನಡೆಯುತ್ತಿದ್ದೆ.

ಅವಳಿಗೆ ತಲೆನೋವು ಶುರುವಾಯಿತು. ಆ ಪರದೆಯ ಬೆಳಕು ಕಾಣದ ಹಾಗೆ ಮಿಟುಕುತ್ತದೆ, ಕೆಲವರ ಕಣ್ಣು ಅದನ್ನು ತಡೆಯುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದರು. ಅವಳ ಕಣ್ಣು ಆ ಪರದೆಯಿಂದಲೇ ಹೋಯಿತು ಎಂದು ಯಾರೂ ಹೇಳಿಲ್ಲ. ಕಡಿಮೆಯಾಗುವುದು ಆಗುತ್ತಲೇ ಇತ್ತು ಎಂದರು. ಆದರೆ ಕಣ್ಣಿನಲ್ಲಿ ದೃಷ್ಟಿ ಇನ್ನೂ ಉಳಿದಿದ್ದ ದಿನಗಳಲ್ಲೇ ಅವಳು ಓದುವುದನ್ನು ಬಿಟ್ಟಳು, ನೋವು ತಾಳಲಾರದೆ. ಅದಕ್ಕೆ ಯಾವ ಡಾಕ್ಟರೂ ಬೇಕಿಲ್ಲ, ನನಗೆ ಗೊತ್ತು. ಇರೋತನಕ ಕಣ್ಣಿಂದ ಓದುತ್ತೇನೆ ಅಂದಿದ್ದಳು. ಆ ಇರುವ ದಿನಗಳನ್ನು ನಾನು ಕಿತ್ತುಕೊಂಡೆ.

ಒಂದು ದಿನ ಚಹಾ ಒಯ್ದಾಗ ಚಾದರ ಮಡಚಿ ಮೂಲೆಯಲ್ಲಿಟ್ಟಿತ್ತು. ತಂಗಿ ಲ್ಯಾಪ್‌ಟಾಪಿನ ಮುಂದೆ ನೆಟ್ಟಗೆ ಕೂತಿದ್ದಳು. ಪರದೆ ಆರಿತ್ತು. ಆರಿದ ಪರದೆಯಿಂದ ಒಂದು ಹೆಣ್ಣುದನಿ ಗಡಿಬಿಡಿಯಿಂದ ಮರಾಠಿಯಲ್ಲಿ ಓದುತ್ತಿತ್ತು, ಉಸಿರೇ ತೆಗೆದುಕೊಳ್ಳದೆ. ನಾನು ಆರಿಸಿ ತಂದಿದ್ದ ಆ ಕಪ್ಪು, ತಳವೇ ಇಲ್ಲದ್ದು, ಅವಳ ಎದುರಿಗಿತ್ತು. ಅದರಲ್ಲಿ ಅವಳ ಮುಖವಿತ್ತು. ಅವಳ ಹಿಂದೆ, ಬಾಗಿಲಲ್ಲಿ, ಬಟ್ಟಲು ಹಿಡಿದು ನಿಂತ ನಾನಿದ್ದೆ. ಅವಳಿಗೆ ಎರಡೂ ಕಾಣುತ್ತಿರಲಿಲ್ಲ. ನನಗೆ ಎರಡೂ ಕಾಣುತ್ತಿದ್ದವು.

"ಕಿವಿ ಎಲ್ಲೂ ಹೋಗಿಲ್ಲ ನೋಡಕ್ಕ," ಅಂದಳು. "ಚಹಾ ಇಡು, ಕೈ ಖಾಲಿ ಇಲ್ಲ."

ಅಂದಿನಿಂದ ನಮ್ಮ ಮನೆಯಲ್ಲಿ ಮೂರನೆಯವಳೊಬ್ಬಳು ಬಂದು ಕೂತ ಹಾಗಾಯಿತು. ಮುಂದಿನ ಕೋಣೆಯಲ್ಲಿ ಯಂತ್ರ ತುಳಿಯುತ್ತಿದ್ದರೆ ಹಿಂದಿನಿಂದ ಆ ದನಿ. ಅದಕ್ಕೆ ಬೇಸರವಿಲ್ಲ, ನಗುವಿಲ್ಲ. ಒಮ್ಮೊಮ್ಮೆ ಅದರ ನಡುವಿನಲ್ಲಿ ನನಗೆ ಇನ್ನೊಂದು ಕೇಳಿಸುತ್ತಿತ್ತು: ಅಕ್ಕಾ? ಎಲ್ಲಿದಿ? ಕಾಲು ತಡೆದು ಯಂತ್ರ ನಿಲ್ಲಿಸಿ ಕಿವಿಗೊಟ್ಟರೆ, ಬರೀ ಮರಾಠಿ.

ತಂಗಿಗೆ ಪರದೆ ಬೇಡವಾದ ಮೇಲೆ, ಅವಳ ಕೆಲಸವಿಲ್ಲದ ಹೊತ್ತಿನಲ್ಲಿ ನಾನು ಅದನ್ನು ತೆರೆದು ಕುಪ್ಪಸದ ಹೊಸ ಮಾದರಿಗಳನ್ನು ನೋಡುತ್ತಿದ್ದೆ. ಕೊನೆಗೂ ನಾನು ಅಂಗಡಿಯಲ್ಲಿ ಹೇಳಿದ್ದೇ ಆಯಿತು, ನನಗೇ, ವಿಡಿಯೊ ನೋಡಲು. ಮೊದಲ ದಿನವೇ ಗಮನಿಸಿದೆ. ಯಾವ ವಿಡಿಯೊ ಹಾಕಿದರೂ, ಪರದೆಯ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಮಸುಕು ಚೌಕಟ್ಟು. ಉದ್ದನೆಯದು, ಸೀರೆಯ ಅಂಚಿನಷ್ಟು ಅಗಲ. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಆರಿಸಿ ಮತ್ತೆ ಹಚ್ಚಿದೆ, ಅಲ್ಲೇ ಇತ್ತು.

ಸ್ವಾರಗೇಟದಲ್ಲಿ ರಿಪೇರಿ ಮಾಡುವವನೊಬ್ಬನಿಗೆ ತೋರಿಸಿದೆ. ಇದು ಗಾಜಿನ ಮೇಲಿನ ಕಲೆಯಲ್ಲ ಎಂದ. ಈ ಬಗೆಯ ಪರದೆಯಲ್ಲಿ ಒಂದೇ ಆಕಾರ ಬಹಳ ದಿನ ಒಂದೇ ಜಾಗದಲ್ಲಿ ನಿಂತರೆ ಅಲ್ಲಿನ ಬೆಳಕು ಸವೆದು ಅದರ ಗುರುತು ಉಳಿದುಬಿಡುತ್ತದೆ, ತೆಗೆಯಲು ಬರುವುದಿಲ್ಲ. ಇದರ ಮೇಲೆ ಯಾವ ಪ್ರೋಗ್ರಾಮು ನಡೆಸುತ್ತಿದ್ದಿರಿ ಎಂದು ಮರಾಠಿಯಲ್ಲಿ ಕೇಳಿದ. ನನಗೆ ಗೊತ್ತಿತ್ತು. ಅಕ್ಷರ ಹಿಗ್ಗಿಸುವ ಪ್ರೋಗ್ರಾಮಿನ ಚೌಕಟ್ಟು ಅದು. ಅದರೊಳಗೆ ಒಂದೊಂದೇ ಸಾಲು ದೊಡ್ಡದಾಗಿ ಹಾದುಹೋಗುತ್ತಿತ್ತು, ಅವಳು ಚಾದರದೊಳಗೆ ಮೂಗು ಹಚ್ಚಿ ಓದುತ್ತಿದ್ದದ್ದು ಅಲ್ಲೇ. ಓದಿದ ಸಾಲುಗಳೆಲ್ಲ ಹೋಗಿವೆ. ಚೌಕಟ್ಟು ಉಳಿದಿದೆ. ಯಾರೋ ಹೆಂಗಸು ಪರದೆಯಲ್ಲಿ ಕುಪ್ಪಸದ ತೋಳು ಕತ್ತರಿಸುತ್ತಾಳೆ, ಅವಳ ಹಣೆಯ ಮೇಲೆ ನನ್ನ ತಂಗಿಯ ಖಾಲಿ ಚೌಕಟ್ಟು ನಿಂತಿರುತ್ತದೆ. ಆಮೇಲೆ ನಾನು ವಿಡಿಯೊ ನೋಡುವುದನ್ನು ಬಿಟ್ಟೆ. ಬಿಟ್ಟರೂ, ಹೊಸ ಬಿಳಿ ಸೀರೆ ಹಾಸಿದರೆ ಅದರ ಮೇಲೂ ಅದೇ ಚೌಕಟ್ಟು ಕಾಣುತ್ತಿತ್ತು.

ಈ ವರ್ಷ ಆ ಲ್ಯಾಪ್‌ಟಾಪಿನ ಕೀಲಿಗಳು ಒಂದೊಂದಾಗಿ ಸೋತವು. ಹೊಸದು ಬೇಕೇಬೇಕಾಯಿತು.

"ಈ ಸಲ ಪರದಿ ಯಾವುದರ ಇರಲಿ," ಅಂದಳು ತಂಗಿ. "ಇರದಿದ್ದರೂ ನಡೀತದ. ದನಿ ಚೊಲೊ ಬರಬೇಕು, ಕೀ ಗಟ್ಟಿ ಇರಬೇಕು. ನೀ ಹೋಗಿ ತಾ."

"ಇಬ್ಬರೂ ಹೋಗೂಣು," ಅಂದೆ.

ಅವಳು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. "ಯಾಕ, ಸ್ಕೂಟಿ ದೊಡ್ಡದಾತೇನು?"

ಚಪ್ಪಲಿ ಅವಳ ಕಾಲ ಹತ್ತಿರ ಸರಿಸಿದೆ.

ಕಾತ್ರಜದಲ್ಲಿ ಬಸ್ಸು ಹತ್ತಿದೆವು. ಗದ್ದಲವಿತ್ತು. ನಮ್ಮ ತಲೆಯ ಮೇಲೆ ಕಂಡಕ್ಟರ್ ಒದರಿದ, "ಪುಢೆ ಸರಕಾ, ಪುಢೆ ಸರಕಾ!"

ತಂಗಿ ನನ್ನ ಕಿವಿಯ ಹತ್ತಿರ ಬಂದು, ನಗುತ್ತ ಅಂದಳು, "ಅವತ್ತ ನಿನ್ನ ಸ್ಕೂಟಿ ಮ್ಯಾಲೂ ಇಂವಾ ಇದ್ದ ನೋಡು."

ಅಂದರೆ ಅವಳಿಗೆ ಅವತ್ತೇ ಫೋನಿನಲ್ಲಿ ಗೊತ್ತಾಗಿತ್ತು. ಇಷ್ಟು ವರ್ಷ ಚಾದರದೊಳಗೆ ಕೂತಾಗಲೂ, ತಲೆಗೆ ಪಟ್ಟಿ ಕಟ್ಟಿಕೊಂಡು ಮಲಗಿದಾಗಲೂ ಗೊತ್ತಿತ್ತು. ಒಮ್ಮೆಯೂ ಆಡಿರಲಿಲ್ಲ. ಈಗ ಆಡಿದ್ದೂ ನಗುತ್ತ. ಅವಳು ನಗು ಮುಗಿಸಿ ನನ್ನ ತೋಳಿಗೆ ಕೈ ಹಾಕಿಕೊಂಡಳು, ಸ್ವಾರಗೇಟ ಬರುವತನಕ ಬಿಡಲಿಲ್ಲ. ಅಲ್ಲಿಂದ ಮೆಟ್ರೊ ಹತ್ತಿ ಶಿವಾಜಿನಗರಕ್ಕೆ ಬಂದೆವು. ನೆಲದ ಕೆಳಗಿನ ಕತ್ತಲೆಯಲ್ಲಿ ಕಿಟಕಿಯ ಗಾಜು ಕಪ್ಪಾಯಿತು. ಅದರಲ್ಲೂ ಅವಳ ಮುಖವಿತ್ತು, ಅವಳ ಹಿಂದೆ ನಾನಿದ್ದೆ.

ಅದೇ ಅಂಗಡಿ. ಮಾರಾಟಗಾರ ಬೇರೆ, ಪ್ರಶ್ನೆ ಅದೇ. "ಕೋಣಾಸಾಠಿ, ತಾಈ?"

"ಹಿಚ್ಯಾಸಾಠಿ," ಅಂದೆ. "ಮಾಝೀ ಬಹೀಣ." ಇವಳಿಗೆ. ನನ್ನ ತಂಗಿ. "ಹೊಳೆಯದ ಪರದೆ ಬೇಕು" ಎಂದೂ ಮರಾಠಿಯಲ್ಲಿ ಹೇಳಿದೆ.

"ಏ ಅಕ್ಕಾ, ಪರದಿ ಬ್ಯಾಡಂದೆ ಹೌದಿಲ್ಲೋ."

"ನೀ ಸುಮ್ಮನಿರು."

ಮೊಬ್ಬು ಪರದೆಯದನ್ನು ತೋರಿಸಿದ. ತಂತಿ ಬಿಚ್ಚಿರಿ, ಬಾಗಿಲಿಗೆ ಒಯ್ದು ನೋಡಬೇಕು ಅಂದೆ. ಅಲಾರಂ ಕೂಗುತ್ತದೆ ತಾಈ, ಹಾಗೆ ಯಾರೂ ನೋಡುವುದಿಲ್ಲ ಎಂದ. ನಾವು ನೋಡುತ್ತೇವೆ, ನಮ್ಮ ಕೆಲಸದಲ್ಲಿ ಹೀಗೇ ನೋಡುವುದು ಅಂದೆ. ದನಿ ಏರಿತ್ತೇನೋ, ಪಕ್ಕದ ಮೇಜಿನವರು ತಿರುಗಿದರು. ಅವನು ಯಾರನ್ನೋ ಕೇಳಿಬಂದು, ನಗುತ್ತಲೇ ತಂತಿ ಬಿಚ್ಚಿದ. ನಮ್ಮ ಜೊತೆಗೇ ಬಂದ.

ಬಾಗಿಲಲ್ಲಿ ಮಧ್ಯಾಹ್ನದ ಬೆಳಕು ಬಿದ್ದಿತ್ತು. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ತಾಟಿನ ಹಾಗೆ ಹಿಡಿದು ಅವಳ ಮುಖದೆತ್ತರಕ್ಕೆ ಎತ್ತಿದೆ. ಮಾರಾಟಗಾರ ನಾನು ಹೇಳಿದ ಒಂದು ಕನ್ನಡ ಪತ್ರಿಕೆಯ ಪುಟ ತೆರೆದು, ಅಕ್ಷರವನ್ನು ಅಂಗೈಯಗಲ ಮಾಡಿಕೊಟ್ಟ. ಒಳಗೆ ಬರುವವರು, ಹೋಗುವವರು ನಮ್ಮನ್ನು ಸುತ್ತಿ ಹಾಯುತ್ತಿದ್ದರು. ಯಾರೋ ನಕ್ಕರು. ನಕ್ಕದ್ದು ನಮಗೋ ಬೇರೆ ಯಾವುದಕ್ಕೋ, ನಾನು ತಿರುಗಿ ನೋಡಲಿಲ್ಲ.

ತಂಗಿ ಬಗ್ಗಿದಳು. ಮೂಗು ಪರದೆಗೆ ತಾಗಿತು. ತಲೆ ನಿಧಾನವಾಗಿ ಎಡದಿಂದ ಬಲಕ್ಕೆ ಸರಿಯಿತು. ಮತ್ತೆ ಎಡಕ್ಕೆ ಬಂತು. ಪರದೆ ಅಲುಗದಂತೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡಿದ್ದೆ.

"ನೀ..." ಅಂದಳು. ಬಹಳ ಹೊತ್ತಾಯಿತು. "ರು." ಆಮೇಲೆ ತನಗೇ ಎಂಬಂತೆ, "ನೀರು."

ಮುಂದಿನ ಶಬ್ದ ಅವಳಿಗೆ ಸಿಗಲಿಲ್ಲ. ಎರಡು ಸಲ ಸರಿದು ನೋಡಿದಳು. ನೆಟ್ಟಗಾದಳು.

"ಇದು ಹೊಳಿಯವಲ್ದಕ್ಕ," ಅಂದಳು. "ಒಂದ ಶಬ್ದ ಆತು. ಎಷ್ಟ ದಿನಾ ಆಗಿತ್ತಲ್ಲ ಅಕ್ಷರದ ಮಾರಿ ನೋಡಿ."

ಪರದೆಯ ಮೇಲೆ ಅವಳ ಉಸಿರಿನ ಮಂಜು ನಿಂತಿತ್ತು. ಮಾರಾಟಗಾರ ಜೇಬಿನಿಂದ ಬಟ್ಟೆ ತೆಗೆದು ಮುಂದೆ ಬಂದ. ಬೇಡ, ಇರಲಿ ಅಂದೆ. ತಂಗಿ ಲ್ಯಾಪ್‌ಟಾಪಿನಿಂದ ಮುಖ ತಿರುಗಿಸಿ, ಪಕ್ಕದ ಗಾಳಿಯಲ್ಲಿ ಕೈಯಾಡಿಸಿದಳು.

"ಅಕ್ಕಾ? ಎಲ್ಲಿದಿ?"

"ಇಲ್ಲೇ ಅದೀನಿ," ಅಂದೆ, ತಡಮಾಡದೆ. ಆಮೇಲೆ ಆ ಬಾಗಿಲಲ್ಲೇ, ಎಲ್ಲರಿಗೂ ಕೇಳುವ ಹಾಗೆ ಅಂದೆ, "ತಂಗಿ, ಅವತ್ತ ಯಾವ ಸ್ಕೂಟಿನೂ ಇರಲಿಲ್ಲ. ನಿನ್ನ ಜೋಡಿ ಇಲ್ಲಿ ಬಂದು ನಿಂದರಾಕ ನನಗ ನಾಚಿಕಿ ಆಗಿತ್ತು. ಯಾರಿಗೆ ಅಂತ ಕೇಳಿದ್ರ ನನಗ ಅಂದೆ. ನಿನ್ನ ದನಿ ಕೇಳಸಲಿಲ್ಲ. ಬಾಗಿಲಿಗೆ ಒಯ್ದು ನೋಡಲಿಲ್ಲ. ಬದಲಿ ಕೊಡತೀವಿ ಅಂದಿದ್ರು, ಅದನ್ನೂ ನಿನಗ ಹೇಳಲಿಲ್ಲ. ನನ್ನಿಂದ ಭಾಳ ತಪ್ಪಾತವ್ವ. ನನ್ನ ಕ್ಷಮಿಸು."